ಥೀಮ್ ಪಾರ್ಕಿನ ಬಿಲ್ಲಿನಲ್ಲಿ 15,000 ರೂಪಾಯಿ ಹೆಚ್ಚಾದದ್ದು ಎಲ್ಲಿ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವರು. ನಾನು ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಿಕೆ, ಪತಿಗೆ ಅಡಿಕೆ ತೋಟವಿದೆ. 2025ರ ಕ್ರಿಸ್‌ಮಸ್ ರಜೆಯಲ್ಲಿ ಮಾವ, ಅತ್ತೆ, ಇಬ್ಬರು ಮಕ್ಕಳು ಸೇರಿ ಆರು ಮಂದಿ ಒಂದು ಥೀಮ್ ಪಾರ್ಕ್ ರೆಸಾರ್ಟಿಗೆ ಹೋಗಿ ಒಂದು ರಾತ್ರಿ ಉಳಿದೆವು. ಜಾಹೀರಾತಿನಲ್ಲಿ ಟಿಕೆಟ್ 1,499 ರೂಪಾಯಿಯಿಂದ, ಕೋಣೆ 6,500 ರೂಪಾಯಿಯಿಂದ ಎಂದಿತ್ತು. ಎರಡು ಕೋಣೆ ಸೇರಿಸಿ 22,000 ಆದೀತೆಂದು ಲೆಕ್ಕ ಹಾಕಿದ್ದೆವು. ಮನೆಗೆ ಬಂದು ಕೂಡಿಸಿದರೆ 37,000 ಹತ್ತಿರ. ಲಾಕರ್, ಪಾರ್ಕಿಂಗ್, ನೀರಿನ ಆಟದ ಬಟ್ಟೆಗೆ ಬಾಡಿಗೆ, ಬುಕಿಂಗ್ ಶುಲ್ಕ, ಕೌಂಟರಿನಲ್ಲಿ ಹೇಳಿದ 'ರೆಸಾರ್ಟ್ ಶುಲ್ಕ', ಊಟದ ಮೇಲೆ ಸೇವಾ ಶುಲ್ಕ. ಅತ್ತೆಗೆ ಸಕ್ಕರೆ ಕಾಯಿಲೆ. ಅವರಿಗೆಂದು ಒಯ್ದ ಬುತ್ತಿಯನ್ನೂ ಗೇಟಿನಲ್ಲಿ ಇರಿಸಿಕೊಂಡರು. ಪತಿ ಹೇಳುವುದು, ಇದೆಲ್ಲ ಜಿಎಸ್‌ಟಿಯ ಕೆಲಸ. ಸಹೋದ್ಯೋಗಿಯೊಬ್ಬರು ಹೇಳುವುದು, ಬುತ್ತಿ ತಡೆಯುವುದೇ ಕಾನೂನುಬಾಹಿರ. ದುಬೈಯಲ್ಲಿರುವ ಮೈದುನ, ಮುಂದಿನ ಸಲ ಇಲ್ಲಿಗೇ ಬನ್ನಿ, ಅದೇ ಅಗ್ಗ ಎನ್ನುತ್ತಾನೆ. ಯಾವುದು ಸರಿ? ಕೊಟ್ಟ ಹಣದಲ್ಲಿ ಏನಾದರೂ ಮರಳಿ ಸಿಗಬಹುದೇ? ಬಿಲ್ಲುಗಳನ್ನು ಕಳುಹಿಸಿದ್ದೇನೆ.

ಉತ್ತರ: ಬಿಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಂಡದ್ದು ದೊಡ್ಡ ಉಪಕಾರವಾಯಿತು. ಹೋಟೆಲ್ ಮತ್ತು ರೆಸಾರ್ಟುಗಳ ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ನಿಮ್ಮಂತೆಯೇ ನೊಂದು ಬರೆಯುವವರು ಬಹಳ, ಆದರೆ ಹೆಚ್ಚಿನವರ ಕೈಯಲ್ಲಿ ಕಾಗದವೇ ಇರುವುದಿಲ್ಲ. ನಿಮ್ಮ ನೋವು ಹಣದ್ದು ಮಾತ್ರವಲ್ಲ ಎಂಬುದು ಪತ್ರ ಓದಿದಾಗಲೇ ತಿಳಿಯಿತು. ಪ್ರತಿ ಕೌಂಟರಿನಲ್ಲೂ ಪರ್ಸ್ ತೆಗೆಯಬೇಕಾದಾಗ ರಜೆಯ ಖುಷಿ ಕರಗುತ್ತದೆ, ಹಿರಿಯರ ಮುಂದೆ ಮುಜುಗರವೂ ಆಗುತ್ತದೆ. ಆದರೂ ಮೊದಲು ಲೆಕ್ಕವನ್ನೇ ಹಿಡಿಯೋಣ, ಏಕೆಂದರೆ ನಿಮ್ಮ ಸಿಟ್ಟು ಇರುವ ಜಾಗ ಒಂದು, ಹಣ ಹೋದ ಜಾಗ ಇನ್ನೊಂದು.

ನೀವು ಅಂದಾಜಿಸಿದ್ದು 21,994 ರೂಪಾಯಿ. ಆದದ್ದು 36,876. ವ್ಯತ್ಯಾಸ 14,882.

ಇದರಲ್ಲಿ ನಿಮ್ಮನ್ನು ಅತಿ ಹೆಚ್ಚು ಕೆರಳಿಸಿದ ಶುಲ್ಕಗಳನ್ನೆಲ್ಲ ಕೂಡಿಸಿದೆ. ಬುಕಿಂಗ್ ಶುಲ್ಕ ಆರು ಟಿಕೆಟ್ಟಿಗೆ 240, ರೆಸಾರ್ಟ್ ಶುಲ್ಕ ಎರಡು ಕೋಣೆಗೆ 1,000, ಪಾರ್ಕಿಂಗ್ 150, ಲಾಕರ್ 250, ಬಟ್ಟೆ ಬಾಡಿಗೆ 600, ಊಟದ ಮೇಲಿನ ಸೇವಾ ಶುಲ್ಕ 240. ಒಟ್ಟು 2,480. ಊಟದ ಖರ್ಚು 2,400. ಅದನ್ನು ನೀವು ಮೊದಲ ಅಂದಾಜಿನಲ್ಲಿ ಸೇರಿಸಿಯೇ ಇರಲಿಲ್ಲ. ತೆರಿಗೆ ಒಟ್ಟು 5,182. ಉಳಿದ 4,820 ರೂಪಾಯಿ ಯಾವ ಹೆಸರೂ ಇಲ್ಲದೆ ಹೋದದ್ದು, ಅಂದರೆ ಟಿಕೆಟ್ ಮತ್ತು ಕೋಣೆಯ ದರವೇ ಆ ದಿನ ಏರಿದ್ದರಿಂದ ಹೋದದ್ದು. 1,499ರ ಟಿಕೆಟ್ ಆ ದಿನ 1,899 ಇತ್ತು. 6,500ರ ಕೋಣೆ 7,900 ಇತ್ತು. ಜೊತೆಗೆ ನಿಮ್ಮ ದೊಡ್ಡ ಮಗಳಿಗೆ ದೊಡ್ಡವರ ಟಿಕೆಟ್ ಹಾಕಿದ್ದಾರೆ. ಹಲವು ಪಾರ್ಕುಗಳಲ್ಲಿ ಮಕ್ಕಳ ದರ ನಿಗದಿಯಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. ಐದನೆಯ ತರಗತಿಯ ಹುಡುಗಿಯಾದರೂ ಗೋಡೆಯ ಗೆರೆ ದಾಟಿದರೆ ಪೂರ್ತಿ ದರ.

ಪತಿಯ ಮಾತಿಗೆ ಬರುತ್ತೇನೆ. 5,182 ಸಣ್ಣ ಮೊತ್ತವಲ್ಲ, ಹೆಚ್ಚಾದ ಹಣದ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ. ಹಾಗಾಗಿ ಅವರ ಮಾತಿನಲ್ಲಿ ಹುರುಳಿದೆ. ಪಾರ್ಕಿನ ಪ್ರವೇಶಕ್ಕೆ 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ದರ ಶೇಕಡಾ 28 ಇತ್ತು, 2018ರ ಜನವರಿ 25ರಿಂದ ಅದು 18ಕ್ಕೆ ಇಳಿಯಿತು, ಈಗಲೂ 18ರಲ್ಲೇ ಇದೆ. ನಿಮ್ಮ ಟಿಕೆಟ್ಟುಗಳ ಮೇಲಿನ 1,983 ರೂಪಾಯಿ ಹಾಗೆ ಬಂದದ್ದು. ಜಾಹೀರಾತಿನ ದೊಡ್ಡ ಅಕ್ಷರದಲ್ಲಿ ಅದು ಸೇರಿರಲಿಲ್ಲ.

ಕೋಣೆಯ ತೆರಿಗೆಯ ಕತೆ ಬೇರೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಮುಂದೆ ಉಪಯೋಗಕ್ಕೆ ಬರುತ್ತದೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡಾ 5. ಅದಕ್ಕೆ ಮೊದಲು 12 ಇತ್ತು. 7,500 ದಾಟಿದರೆ ಶೇಕಡಾ 18, ಅದೂ ದಾಟಿದ ಮೊತ್ತಕ್ಕಲ್ಲ, ಪೂರ್ತಿ ಬಾಡಿಗೆಗೆ. ನಿಮ್ಮ ಎರಡು ಕೋಣೆಗಳ 15,800 ರೂಪಾಯಿಗೆ ತೆರಿಗೆ 2,844 ಬಿತ್ತು. ಅದೇ ಕೋಣೆಗಳು ತಲಾ 7,500ಕ್ಕೆ ಸಿಕ್ಕಿದ್ದರೆ ತೆರಿಗೆ 750 ಆಗುತ್ತಿತ್ತು. ಕೋಣೆಯೊಂದಕ್ಕೆ 400 ರೂಪಾಯಿ ಹೆಚ್ಚಿದ್ದಕ್ಕೆ ನಿಮ್ಮ ಕೈಯಿಂದ ಹೋದದ್ದು ಕೋಣೆಯೊಂದಕ್ಕೆ 1,447. ಜಾಹೀರಾತಿನ 6,500ರ ದರದಲ್ಲೇ ಸಿಕ್ಕಿದ್ದರೆ ಎರಡೂ ಕೋಣೆಗೆ ಸೇರಿ ತೆರಿಗೆ 650 ಮಾತ್ರ.

ಆದ್ದರಿಂದ ತೆರಿಗೆಯ ಸಾಲಿನಲ್ಲಿ ಕಾಣುವ ಹಣದಲ್ಲೂ ದೊಡ್ಡ ಪಾಲು ನಿಜಕ್ಕೂ ದಿನದ ದರದ ಫಲ. ಟಿಕೆಟ್ ಮತ್ತು ಕೋಣೆ ತುಟ್ಟಿಯಾದದ್ದು 4,820, ಹೆಚ್ಚಾದ ಟಿಕೆಟ್ ಹಣದ ಮೇಲಿನ ತೆರಿಗೆ ಸುಮಾರು 364, ಕೋಣೆ 7,500ರ ಗೆರೆ ದಾಟಿದ್ದರಿಂದ ಬಿದ್ದ ಹೆಚ್ಚುವರಿ ತೆರಿಗೆ 2,194. ಒಟ್ಟು 7,378 ರೂಪಾಯಿ. ಮಗಳ ಎತ್ತರದ ಲೆಕ್ಕವೂ ಇದರಲ್ಲಿ ಸೇರಿದೆ ನಿಜ, ಆದರೆ ಮುಖ್ಯ ಕಾರಣ ಕ್ಯಾಲೆಂಡರು. ಹೆಚ್ಚಾದ ಹಣದಲ್ಲಿ ಸರಿಸುಮಾರು ಅರ್ಧ ಹೋದದ್ದು ನೀವು ಆರಿಸಿದ ದಿನಾಂಕಕ್ಕೆ. ಲಾಕರಿನವನೊಡನೆ 250 ರೂಪಾಯಿಗಾಗಿ ವಾದಿಸಿದೆವು ಎಂದು ಬರೆದಿದ್ದೀರಿ. ಈ 7,378ಕ್ಕೆ ವಾದಿಸಲು ಎದುರಿಗೆ ಒಬ್ಬ ಮನುಷ್ಯನೂ ಇರಲಿಲ್ಲ.

ದರ ಹೀಗೆ ಏಕೆ ಏರುತ್ತದೆ? ದುರಾಸೆ ಎಂದು ಒಂದೇ ಮಾತಿನಲ್ಲಿ ಮುಗಿಸಲು ನನಗೆ ಮನಸ್ಸಾಗದು. ಒಳಗಿನ ಲೆಕ್ಕ ನೋಡಿದವನು ನಾನು. ದೊಡ್ಡ ಆಟದ ಯಂತ್ರಗಳು ಇಟಲಿ, ಜರ್ಮನಿ, ನೆದರ್ಲೆಂಡ್ಸ್‌ಗಳಿಂದ ಬರುತ್ತವೆ. ಬೆಲೆ ಯೂರೋದಲ್ಲಿ, ಬಿಡಿಭಾಗವೂ ಯೂರೋದಲ್ಲಿ. ಬೆಳಿಗ್ಗೆ ಗೇಟು ತೆರೆಯುವ ಮೊದಲು ಪ್ರತಿ ಆಟವನ್ನೂ ಖಾಲಿ ಓಡಿಸಿ ಪರೀಕ್ಷಿಸಬೇಕು. ಅಲೆಕೊಳದ ನೀರನ್ನು ಎಡೆಬಿಡದೆ ಶೋಧಿಸಬೇಕು. ಜೀವರಕ್ಷಕರು, ಎಲೆಕ್ಟ್ರಿಶಿಯನ್ನರು, ವಿಮೆ, ಸಾಲದ ಕಂತು. ಐನೂರು ಜನ ಬಂದರೂ ಐದು ಸಾವಿರ ಬಂದರೂ ಈ ಖರ್ಚು ಹೆಚ್ಚುಕಡಿಮೆ ಒಂದೇ. ಮಳೆಗಾಲದ ಮಂಗಳವಾರಗಳಲ್ಲಿ ಬಾರದ ಹಣವನ್ನು ರಜೆಯ ವಾರಗಳಲ್ಲಿ ತುಂಬಿಕೊಳ್ಳುತ್ತಾರೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಅವರಿಗೆ ನಮ್ಮ ಅಡಿಕೆ ಕೊಯ್ಲಿನ ಕಾಲವಿದ್ದಂತೆ. ಇದನ್ನು ನಾನು ಮೋಸ ಎನ್ನಲಾರೆ. ದರ ಪರದೆಯ ಮೇಲೆ ಇತ್ತು, ನೀವು ಒಪ್ಪಿದಿರಿ.

ಶುಲ್ಕಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗಿಲ್ಲ. ಖರ್ಚು ಹೆಚ್ಚಿದ್ದರೆ ಕೋಣೆಯ ದರವನ್ನೇ 500 ಏರಿಸಬಹುದಿತ್ತಲ್ಲ, ಪ್ರತ್ಯೇಕ 'ರೆಸಾರ್ಟ್ ಶುಲ್ಕ' ಏಕೆ? ಕಾರಣ ಎರಡು. ಬುಕಿಂಗ್ ಜಾಲತಾಣಗಳಲ್ಲಿ ನಾವೆಲ್ಲರೂ ಕಡಿಮೆ ದರದಿಂದ ನೋಡುತ್ತಾ ಹೋಗುತ್ತೇವೆ. ಎಲ್ಲವನ್ನೂ ಸೇರಿಸಿ ಪ್ರಾಮಾಣಿಕವಾಗಿ ದರ ಬರೆದವನು ಪಟ್ಟಿಯಲ್ಲಿ ಕೆಳಗೆ ಹೋಗುತ್ತಾನೆ, ಒಡೆದು ಬರೆದವನು ಮೇಲೆ ಬರುತ್ತಾನೆ. ಇನ್ನೊಂದು, ಜಾಲತಾಣದವರು ಕಮಿಷನ್ ಹಿಡಿಯುವುದು ಕೋಣೆಯ ಬಾಡಿಗೆಯ ಮೇಲೆ. ಕೌಂಟರಿನಲ್ಲಿ ಕೈಗೆ ಪಡೆದ ಶುಲ್ಕದಲ್ಲಿ ಸಾಮಾನ್ಯವಾಗಿ ಅವರಿಗೆ ಪಾಲಿಲ್ಲ. ಅತಿಥಿಗೆ ಯಾವ ಹೊಸ ಸೌಲಭ್ಯವನ್ನೂ ಕೊಡದೆ ವಸೂಲಾಗುವ ಹಣ ಅದು. ಅಮೆರಿಕದಲ್ಲಿ ಈ ಪದ್ಧತಿ ಎಷ್ಟು ಬೆಳೆಯಿತೆಂದರೆ, ವಸತಿಗೂ ಕಾರ್ಯಕ್ರಮಗಳ ಟಿಕೆಟ್ಟಿಗೂ ಕಡ್ಡಾಯ ಶುಲ್ಕ ಸೇರಿದ ಒಟ್ಟು ದರವನ್ನೇ ಮೊದಲು ತೋರಿಸಬೇಕು ಎಂಬ ನಿಯಮವನ್ನು ಅಲ್ಲಿನ ಕೇಂದ್ರ ವ್ಯಾಪಾರ ಆಯೋಗ 2025ರ ಮೇ 12ರಿಂದ ಜಾರಿಗೆ ತರಬೇಕಾಯಿತು.

ಥೀಮ್ ಪಾರ್ಕುಗಳ ಚರಿತ್ರೆಯಲ್ಲೇ ಈ ಒಡೆದು ಮಾರುವುದು, ಮತ್ತೆ ಕೂಡಿಸಿ ಮಾರುವುದು ನಡೆದುಕೊಂಡು ಬಂದಿದೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ತೆರೆದಾಗ ಪ್ರವೇಶಕ್ಕೆ ಒಂದು ಡಾಲರ್, ಪ್ರತಿ ಆಟಕ್ಕೆ ಬೇರೆ ಹಣ. 1982ರಲ್ಲಿ ಕೂಪನ್ ಪದ್ಧತಿ ನಿಂತು ಒಂದೇ ಟಿಕೆಟ್ಟಿಗೆ ಎಲ್ಲ ಆಟ ಎಂದಾಯಿತು. ಸರದಿ ತಪ್ಪಿಸುವ ಪಾಸನ್ನು 1999ರಿಂದ ಪುಕ್ಕಟೆ ಕೊಡುತ್ತಿದ್ದರು, 2021ರಿಂದ ಅದಕ್ಕೆ ಹಣ. ಫ್ಲೋರಿಡಾದ ಡಿಸ್ನಿ ಹೋಟೆಲುಗಳಲ್ಲಿ ತಂಗುವವರಿಗೆ 2018ರಲ್ಲಿ ಹಾಕಿದ ಪಾರ್ಕಿಂಗ್ ಶುಲ್ಕವನ್ನು 2023ರ ಜನವರಿಯಲ್ಲಿ ತೆಗೆದರು. ಬಂದ ಶುಲ್ಕ ಹೋಗುವುದೇ ಇಲ್ಲ ಎಂದುಕೊಳ್ಳಬೇಕಾಗಿಲ್ಲ.

ಸರದಿ ತಪ್ಪಿಸುವ ಪಾಸು ಕೊಳ್ಳಬೇಕಿತ್ತೇ ಎಂದೂ ಕೇಳಿದ್ದೀರಿ. ಒಂದು ಆಟ ಗಂಟೆಗೆ 600 ಜನರನ್ನು ಕೂರಿಸಬಲ್ಲದು ಎಂದಿಟ್ಟುಕೊಳ್ಳಿ. ಅದರಲ್ಲಿ 150 ಜಾಗ ಪಾಸಿನವರಿಗೆ ಹೋದರೆ ಉಳಿದವರಿಗೆ 450. ಯಂತ್ರ ವೇಗವಾಗುವುದಿಲ್ಲ, ನಿಮ್ಮ ಸರದಿ ನಿಧಾನವಾಗುತ್ತದೆ. ಜನಜಂಗುಳಿಯ ದಿನ ಪಾಸು ಉಪಯೋಗಕ್ಕೆ ಬರುತ್ತದೆ, ಆದರೆ ಆ ದಿನಗಳಲ್ಲೇ ಅದು ತುಟ್ಟಿ. ಸಾಧಾರಣ ದಿನ ಅದಕ್ಕೆ ಹಾಕಿದ ಹಣ ವ್ಯರ್ಥ. ನಿಮ್ಮ ಕುಟುಂಬದಲ್ಲಿ ದೊಡ್ಡ ಆಟಗಳಿಗೆ ಹತ್ತುವವರು ಮೂವರೇ ಆದದ್ದರಿಂದ ಆರು ಪಾಸು ಕೊಳ್ಳದೆ ಇದ್ದದ್ದು ಒಳ್ಳೆಯದೇ ಆಯಿತು.

ಇನ್ನು ಬುತ್ತಿಯ ವಿಷಯ. ಅತ್ತೆಯವರಿಗೆಂದು ಒಯ್ದ ಕೊಟ್ಟಿಗೆ (ಎಲೆಯಲ್ಲಿ ಬೇಯಿಸಿದ ಕಡುಬು), ಪಲ್ಯದ ಡಬ್ಬಿಯನ್ನು ಸಂಜೆಯವರೆಗೆ ಗೇಟಿನ ಕಪಾಟಿನಲ್ಲಿ ಇಟ್ಟರು ಎಂಬುದನ್ನು ಓದಿ ನನಗೂ ಬೇಸರವಾಯಿತು. ಆದರೆ ನಿಮ್ಮ ಸಹೋದ್ಯೋಗಿಯ ಮಾತು ಪೂರ್ತಿ ಸರಿಯಲ್ಲ. ಚಿತ್ರಮಂದಿರಗಳು ಹೊರಗಿನ ತಿನಿಸು ತಡೆಯಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು ಹೇಳಿದೆ; ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಹಸುಗೂಸುಗಳ ಆಹಾರಕ್ಕೆ ಅಡ್ಡಿ ಮಾಡಬಾರದು ಎಂದೂ ಹೇಳಿದೆ. ಖಾಸಗಿ ಜಾಗದ ಮಾಲೀಕನಿಗೆ ಷರತ್ತು ಹಾಕುವ ಹಕ್ಕಿದೆ ಎಂಬ ಅದೇ ವಾದವನ್ನು ಪಾರ್ಕುಗಳೂ ಮುಂದಿಡುತ್ತವೆ. ಹಾಗಾಗಿ ಗೇಟಿನಲ್ಲಿ ಜಗಳವಾಡಿ ಗೆಲ್ಲುವುದು ಕಷ್ಟ. ಮುಂದಿನ ಸಲ ವೈದ್ಯರ ಒಂದು ಚೀಟಿ ಇರಲಿ. ಬುಕಿಂಗ್ ಮಾಡುವ ಮೊದಲೇ ಪಾರ್ಕಿಗೆ ಮಿಂಚಂಚೆ ಬರೆದು, 'ಮಧುಮೇಹವಿರುವ ಹಿರಿಯರಿಗೆ ಮನೆಯ ಆಹಾರ ತರುತ್ತೇವೆ, ಒಪ್ಪಿಗೆ ತಿಳಿಸಿ' ಎಂದು ಕೇಳಿ. ನಾನು ಕಂಡಂತೆ ಹೀಗೆ ಮುಂಚಿತವಾಗಿ ಕೇಳಿದವರಿಗೆ ಇಲ್ಲ ಎನ್ನುವುದು ಅಪರೂಪ. ಆ ಉತ್ತರವನ್ನು ಮೊಬೈಲಿನಲ್ಲಿ ತೋರಿಸಿದರೆ ಕಾವಲುಗಾರನಿಗೂ ಧೈರ್ಯ. ಪಾಪ, ಅವನು ಹೇಳಿದ್ದನ್ನು ಮಾಡುವವನು.

ನೀರಿನ ಬಾಟಲಿಯ ಬಗ್ಗೆ ಒಂದು ಮಾತು. ಮೇಜಿಗೆ ತಂದು ಬಡಿಸುವ ಹೋಟೆಲು ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದು ಎಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಪಾರ್ಕಿನೊಳಗೆ ಗೂಡಂಗಡಿಯಲ್ಲಿ ಕೈಗೆ ಕೊಡುವ ಬಾಟಲಿಗೆ ಆ ವಿನಾಯಿತಿಯನ್ನು ಹೇಳಿಕೊಳ್ಳಲು ಬರುವುದಿಲ್ಲ. ಒಂದೇ ಸರಕಿಗೆ ಪಾರ್ಕಿಗೆಂದೇ ಬೇರೆ ಎಂಆರ್‌ಪಿ ಮುದ್ರಿಸುವುದನ್ನೂ 2018ರ ಜನವರಿ 1ರಿಂದ ನಿಷೇಧಿಸಲಾಗಿದೆ. ರಸೀದಿ ಕೇಳಿ ಪಡೆಯಿರಿ, ತೂಕ, ಅಳತೆ, ಎಂಆರ್‌ಪಿ ನೋಡಿಕೊಳ್ಳುವ ಲೀಗಲ್ ಮೆಟ್ರಾಲಜಿ ಇಲಾಖೆಗೆ ದೂರು ಕೊಡಲು ಅದೇ ಆಧಾರ.

ಮೈದುನನ ಆಹ್ವಾನ ಪ್ರೀತಿಯದ್ದು, ಅವರ ಮನೆಯಲ್ಲೇ ತಂಗುವುದಾದರೆ ಹೋಗಿ ಬನ್ನಿ. ಹೋಟೆಲಿನಲ್ಲಿ ಇರುವುದಾದರೆ ಅಗ್ಗ ಎಂಬ ಮಾತನ್ನು ನಂಬಬೇಡಿ. ದುಬೈ ಹೋಟೆಲಿನ ಮೂಲ ದರದ ಮೇಲೆ ಶೇಕಡಾ 10 ಸೇವಾ ಶುಲ್ಕ, ಶೇಕಡಾ 7 ನಗರಸಭೆ ಶುಲ್ಕ, ಶೇಕಡಾ 5 ವ್ಯಾಟ್ ಬೀಳುವುದು ವಾಡಿಕೆ. ಇದಲ್ಲದೆ 2014ರಿಂದ 'ಟೂರಿಸಂ ದಿರ್ಹಮ್' ಎಂಬ ಶುಲ್ಕವಿದೆ, ಹೋಟೆಲಿನ ದರ್ಜೆ ನೋಡಿ ಕೋಣೆಗೆ ರಾತ್ರಿಯೊಂದಕ್ಕೆ 7ರಿಂದ 20 ದಿರ್ಹಮ್. ಜಾಹೀರಾತಿನ ದರದಲ್ಲಿ ಇವು ಸೇರಿವೆಯೇ ಎಂದು ಮೈದುನನೇ ಅಲ್ಲಿಂದ ಕೇಳಿ ಹೇಳಲಿ. ಆರು ಜನರ ವಿಮಾನದ ಖರ್ಚಿನ ಮುಂದೆ ಈ ಚರ್ಚೆಯೇ ಚಿಕ್ಕದು.

ಹಾಗಾದರೆ ಮುಂದಿನ ಸಲ ಏನು ಮಾಡಬಹುದು? ಕಾಸರಗೋಡಿನ ನಮಗೆ ಒಂದು ಅನುಕೂಲವಿದೆ. ಕನ್ನಡ ಶಾಲೆಗಳಾದರೂ ನಮ್ಮ ಮಕ್ಕಳ ರಜೆ ಕೇರಳದ ಕ್ಯಾಲೆಂಡರಿನದು. ಓಣಂ ರಜೆಯಲ್ಲಿ ಕೊಚ್ಚಿಯ ಕಡೆಯ ಪಾರ್ಕುಗಳು ತುಂಬಿ ತುಳುಕುತ್ತವೆ, ಆದರೆ ಅದೇ ವಾರ ಮಂಗಳೂರು, ಮೈಸೂರು, ಬೆಂಗಳೂರಿನ ಶಾಲೆಗಳು ಸಾಮಾನ್ಯವಾಗಿ ನಡೆಯುತ್ತಿರುತ್ತವೆ. ಆ ವಾರದ ಸೋಮವಾರದಿಂದ ಗುರುವಾರದೊಳಗೆ ಕರ್ನಾಟಕದ ಕಡೆಗೆ ಹೋದರೆ ದರವೂ ಕಡಿಮೆ, ಸರದಿಯೂ ಚಿಕ್ಕದು. ಅಧ್ಯಾಪಿಕೆಯಾದ ನಿಮಗೆ ಎರಡೂ ಕಡೆಯ ಶಾಲಾ ಕ್ಯಾಲೆಂಡರ್ ಹೋಲಿಸುವುದು ಕಷ್ಟವಲ್ಲ. ಗಣೇಶ ಚೌತಿ ಆ ವಾರವೇ ಬಂದಿದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಇದರಲ್ಲಿ ಅಪಾಯ ಮಳೆಯದು. ಸಿಡಿಲು ಮಳೆ ಬಂದರೆ ಎತ್ತರದ ಆಟಗಳನ್ನು ನಿಲ್ಲಿಸುತ್ತಾರೆ, ಅದಕ್ಕೆ ಹಣ ಮರಳಿಸುವ ಪಾರ್ಕು ಕಡಿಮೆ. ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್ ಸ್ವಲ್ಪ ತುಟ್ಟಿಯಾದರೂ ಅದನ್ನೇ ಕೊಳ್ಳಿ.

ಎರಡನೆಯದು, ರಾತ್ರಿ ಉಳಿಯಲೇಬೇಕೇ ಎಂದು ಯೋಚಿಸಿ. ನಿಮ್ಮ ಬಿಲ್ಲಿನ ಅರ್ಧಕ್ಕಿಂತ ಹೆಚ್ಚು ಪಾಲು ಕೋಣೆಯದ್ದು. ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನಲ್ಲಿ ಸಹಕಾರಿ ಸಂಸ್ಥೆಯೊಂದು ನಡೆಸುವ ವಿಸ್ಮಯ ಪಾರ್ಕ್ ಇದೆ; ಹಿರಿಯರು ಮುತ್ತಪ್ಪನ ದರ್ಶನ ಮಾಡಿ ಹೊಳೆಯ ದಡದಲ್ಲಿ ಕುಳಿತುಕೊಳ್ಳಬಹುದು, ಅವರಿಗೆ ಪಾರ್ಕಿನ ಟಿಕೆಟ್ಟೇ ಬೇಡ. ಮಂಗಳೂರಿನ ಪಿಲಿಕುಳದಲ್ಲೂ ನೀರಿನ ಆಟಗಳ ಪಾರ್ಕ್ ಇದೆ. ಎರಡೂ ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಮನೆ ಸೇರುವ ದೂರ. ಇವು ದೊಡ್ಡ ಪಾರ್ಕುಗಳಷ್ಟು ದೊಡ್ಡವಲ್ಲ, ದೊಡ್ಡ ಮಗಳು ಅದನ್ನು ಹೇಳಿಯೇ ಹೇಳುತ್ತಾಳೆ. ದೊಡ್ಡ ಪಾರ್ಕೇ ಬೇಕೆಂದಾದರೆ ಪೇಟೆಯ ಸಾಧಾರಣ ವಸತಿಗೃಹದಲ್ಲಿ ಉಳಿದು ಹೋಗಬಹುದು. ಆಗ ಟ್ಯಾಕ್ಸಿಯ ಖರ್ಚು ಸೇರಿಸಿಕೊಳ್ಳಿ. ದಣಿದ ಮಕ್ಕಳನ್ನು, ಮಂಡಿನೋವಿನ ಮಾವನವರನ್ನು ಮಧ್ಯಾಹ್ನ ಕೋಣೆಗೆ ಕರೆತರುವ ಅನುಕೂಲ ತಪ್ಪುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ರೆಸಾರ್ಟಿನಲ್ಲೇ ಉಳಿಯುವುದಾದರೆ ಜಾಲತಾಣದಲ್ಲಿ ದರ ನೋಡಿ, ನಂತರ ನೇರವಾಗಿ ರೆಸಾರ್ಟಿಗೆ ಫೋನ್ ಮಾಡಿ. 7,900ರ ಕೋಣೆಯನ್ನು 7,500ಕ್ಕೆ ಕೊಡುತ್ತೀರಾ ಎಂದು ಕೇಳಿ. ಕಮಿಷನ್ ಉಳಿಯುವುದರಿಂದ ಒಪ್ಪುವ ಸಂಭವವಿದೆ. ಆದರೆ ಬಾಡಿಗೆಯನ್ನು 7,400 ಎಂದು ತೋರಿಸಿ 500 ರೂಪಾಯಿಯನ್ನು ಬೇರೆ ಹೆಸರಿನಲ್ಲಿ ಪಡೆಯುತ್ತೇವೆ ಎಂದರೆ ಒಪ್ಪಬೇಡಿ. ಅದು ತೆರಿಗೆ ತಪ್ಪಿಸುವ ದಾರಿ, ಇಂಥ ಬಿಲ್ಲುಗಳು ಮುಂದೆ ತಕರಾರಿಗೆ ಬಂದದ್ದನ್ನು ನಾನು ಕಂಡಿದ್ದೇನೆ. 'ತೆರಿಗೆ, ಕಡ್ಡಾಯ ಶುಲ್ಕ ಎಲ್ಲ ಸೇರಿ ನಾವು ಕೊಡಬೇಕಾದ ಒಟ್ಟು ಎಷ್ಟು' ಎಂಬ ಒಂದೇ ಪ್ರಶ್ನೆಗೆ ವಾಟ್ಸ್‌ಆ್ಯಪಿನಲ್ಲಿ ಬರೆದ ಉತ್ತರ ಪಡೆದುಕೊಳ್ಳಿ. ಮೊಬೈಲಿನಲ್ಲಿ ಬುಕ್ ಮಾಡುವಾಗ ಮೊದಲೇ ಗುರುತು ಹಾಕಿಟ್ಟ ವಿಮೆ, ದೇಣಿಗೆಗಳನ್ನು ತೆಗೆದುಹಾಕಿ. ನೈಲಾನ್ ಬಟ್ಟೆ ಮನೆಯಿಂದಲೇ ಒಯ್ದರೆ 600 ರೂಪಾಯಿ ಹಾಗೆಯೇ ಉಳಿಯುತ್ತದೆ.

ಹಣ ಮರಳುವ ಪ್ರಶ್ನೆ ಕೊನೆಗೆ. ದಿನದ ದರ ಮತ್ತು ತೆರಿಗೆ ಮರಳುವುದಿಲ್ಲ, ಅದಕ್ಕಾಗಿ ಅಲೆಯಬೇಡಿ. ಪಾರ್ಕಿಂಗ್, ಲಾಕರ್, ಬಟ್ಟೆ ಬಾಡಿಗೆಗಳು ನೀವು ಬಳಸಿದ ಸೇವೆಗಳು. ಉಳಿಯುವುದು ಎರಡು. ಸೇವಾ ಶುಲ್ಕ ಸರಕಾರದ್ದಲ್ಲ, ಕಡ್ಡಾಯವೂ ಅಲ್ಲ. ಅದನ್ನು ಹೋಟೆಲುಗಳು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಇನ್ನು ರೆಸಾರ್ಟ್ ಶುಲ್ಕ. ನಿಮ್ಮ ಬುಕಿಂಗ್ ದೃಢೀಕರಣದಲ್ಲಿ ಅದರ ಸುಳಿವೇ ಇಲ್ಲ, ನಾನು ಎರಡು ಸಲ ಓದಿದೆ. ದರದ ಭಾಗವನ್ನು ಮೊದಲು ಬಚ್ಚಿಟ್ಟು ಕೊನೆಗೆ ಹೇಳುವುದನ್ನು ಅದೇ ಪ್ರಾಧಿಕಾರದ 2023ರ ನವೆಂಬರ್ 30ರ ಮಾರ್ಗಸೂಚಿ ಜಾಲತಾಣಗಳ ವಂಚಕ ವಿನ್ಯಾಸಗಳ ಪಟ್ಟಿಯಲ್ಲಿ ಸೇರಿಸಿದೆ. ಕೊನೆಯ ಪರದೆಯಲ್ಲಿ ಮೂಡಿದ ಬುಕಿಂಗ್ ಶುಲ್ಕದ ಬಗ್ಗೆಯೂ ಇದೇ ವಾದ ಹೂಡಬಹುದು. ಆದರೆ ನೀವು ಅದನ್ನು ನೋಡಿ ಹಣ ಕಟ್ಟಿದ್ದೀರಿ, ಸ್ವಲ್ಪ ದುರ್ಬಲ ವಾದ. ನಾನಾದರೆ ಅದನ್ನು ಬಿಡುತ್ತೇನೆ.

ರೆಸಾರ್ಟ್ ಶುಲ್ಕ ತೆರಿಗೆ ಸೇರಿ 1,180, ಸೇವಾ ಶುಲ್ಕ ತೆರಿಗೆ ಸೇರಿ 252, ಒಟ್ಟು 1,432 ರೂಪಾಯಿ ಕೇಳಿ ರೆಸಾರ್ಟಿನ ವ್ಯವಸ್ಥಾಪಕರಿಗೆ ಮಿಂಚಂಚೆ ಬರೆಯಿರಿ. ಬುಕಿಂಗ್ ದೃಢೀಕರಣ ಮತ್ತು ಎರಡು ಬಿಲ್ಲುಗಳ ಚಿತ್ರ ಲಗತ್ತಿಸಿ, ಉತ್ತರಕ್ಕೆ ಹದಿನೈದು ದಿನ ಕೊಡಿ. ಭಾಷೆ ಸೌಮ್ಯವಾಗಿರಲಿ, ಬುತ್ತಿಯ ಸಂಗತಿಯನ್ನು ಅದರಲ್ಲಿ ಬೆರೆಸಬೇಡಿ. ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಸಣ್ಣ ಮೊತ್ತದ ತಕರಾರುಗಳು ಅನೇಕ ಸಲ ಅಲ್ಲಿಯೇ ಮುಗಿಯುತ್ತವೆ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ರೆಸಾರ್ಟ್ ಯಾವ ಊರಿನಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ನಿಮಗೆ ಕಾಸರಗೋಡಿನ ಆಯೋಗವೇ ಸಾಕು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ, ಘಟನೆ ನಡೆದು ಎರಡು ವರ್ಷದವರೆಗೆ ಅವಕಾಶವಿದೆ. 1,432 ರೂಪಾಯಿಗಾಗಿ ಆಯೋಗಕ್ಕೆ ಹೋಗಬೇಕೇ ಎಂಬುದನ್ನು ನೀವೇ ನಿರ್ಧರಿಸಿ. ರಜೆ ಹಾಕಿ ಓಡಾಡುವ ಶ್ರಮ ನಿಮ್ಮದು. ಮಿಂಚಂಚೆಯನ್ನು ಮಾತ್ರ ಈ ವಾರವೇ ಕಳುಹಿಸಿ. ಕನ್ನಡದಲ್ಲಿ ಬರೆದು ನನಗೆ ಕಳುಹಿಸಿದರೆ ಅದರ ಇಂಗ್ಲಿಷ್ ಪ್ರತಿಯನ್ನು ನಾನು ಸಿದ್ಧಪಡಿಸಿಕೊಡುತ್ತೇನೆ.